ನಡುವೆ ಹಸಿ, ಮೇಲೆ ಐದು ಸ್ಟಾರ್

ಪಿಜ್ಜಾ ಅಂಗಡಿಯವರನ್ನು ಸುಮ್ಮಸುಮ್ಮನೆ ಬೈಯಬಾರದು. ಪಿಜ್ಜಾ ಒಂದನ್ನು ಬಿಟ್ಟರೆ ಮಿಕ್ಕಿದ್ದೆಲ್ಲವನ್ನೂ ಅವರು ಅಚ್ಚುಕಟ್ಟಾಗಿ ಮಾಡುತ್ತಾರೆ. ನೆಟ್ಟಗಿದ್ದ ಗೋಡೆಯ ಗಾರೆಯನ್ನು ದುಡ್ಡು ಕೊಟ್ಟು ಕೀಳಿಸಿ, ಒಳಗಿನ ಇಟ್ಟಿಗೆ ಹೊರಗೆ ಕಾಣುವಂತೆ ಮಾಡಿ, ಎಷ್ಟೋ ಕಾಲದ ಹಳೆಯ ಕಟ್ಟಡದಲ್ಲಿ ಕೂತಿದ್ದೇವೆ ಅನಿಸುವಂತೆ ಮಾಡುತ್ತಾರೆ. ಅಷ್ಟು ಕಷ್ಟ ಬೇಡ ಅನ್ನುವವರು ಇಟ್ಟಿಗೆಯ ಚಿತ್ರವಿರುವ ಕಾಗದ ಅಂಟಿಸುತ್ತಾರೆ. ಬಾಗಿಲ ಬಳಿ ಒಂದು ಹಳೆಯ ಸೈಕಲ್, ಅದರ ಬುಟ್ಟಿಯಲ್ಲಿ ಪ್ಲಾಸ್ಟಿಕ್ ಹೂವು. ಇಟಲಿಯಲ್ಲಿ ಸೈಕಲ್ಲಿಗೆ ಹೂವು ಮುಡಿಸದೆ ಯಾರೂ ಪಿಜ್ಜಾ ಮುಟ್ಟುವುದಿಲ್ಲ ಅಂತ ಕಾಣುತ್ತದೆ. ದೀಪಗಳು ಹಣೆಗೆ ಬಡಿಯುವಷ್ಟು ಕೆಳಗೆ ನೇತಾಡುತ್ತವೆ, ಬೆಳಕು ಮಾತ್ರ ಮೇಜಿನವರೆಗೆ ಬರುವುದಿಲ್ಲ. ಇದು ನಮ್ಮ ಒಳ್ಳೆಯದಕ್ಕೇ ಅಂತ ತಟ್ಟೆ ಬಂದ ಮೇಲೆ ಗೊತ್ತಾಗುತ್ತದೆ.

ಮೊನ್ನೆ ಅಂಥದೇ ಒಂದು ಕಡೆ ಕೂತು ತಿಂದೆ. ಏನು ಬಂತು ಅಂತ ವರ್ಣಿಸುವ ಅಗತ್ಯವಿಲ್ಲ, ನಿಮಗೂ ಅದೇ ಬಂದಿರುತ್ತದೆ. ಅಂಚು ಕರಕಲು, ನಡು ಹಸಿ ಹಿಟ್ಟು. ತುಂಡನ್ನು ಎತ್ತಿದರೆ ತುದಿ ಕೆಳಗೆ ಜೋತುಬಿದ್ದು, ಮೇಲಿದ್ದ ಚೀಸು, ಅಣಬೆ, ಈರುಳ್ಳಿ ಎಲ್ಲ ಒಗ್ಗಟ್ಟಾಗಿ ತಟ್ಟೆಗೆ ಜಾರಿಕೊಂಡವು. ಕೈಯಲ್ಲಿ ಉಳಿದದ್ದು ಒಂದು ಬಿಳಿಯ ತ್ರಿಕೋನ. ಒಂದೇ ಹಿಟ್ಟಿನ ಮುದ್ದೆಯನ್ನು ಒಂದೇ ಹೊತ್ತಿಗೆ ಸುಡಬೇಕು, ಬೇಯಿಸಲೂ ಬಾರದು. ಇದಕ್ಕೆ ಎಷ್ಟು ಕೈಚಳಕ ಬೇಕು ಯೋಚನೆ ಮಾಡಿ. ನಮ್ಮ ನಿಮ್ಮಂಥವರಿಂದ ಆಗುವ ಕೆಲಸವಲ್ಲ.

ಆದರೂ ಗುಟ್ಟೇನೂ ಇಲ್ಲ. ಫ್ರಿಜ್ಜಿನಿಂದ ಆಗಷ್ಟೇ ತೆಗೆದ ತಣ್ಣನೆಯ ಬೇಸು. ಅದರ ಮೇಲೆ ನೀರುನೀರಾದ ಸಾಸು, ಅದರ ಮೇಲೆ ನೀರು ಬಿಡುವ ಟೊಮೆಟೊ, ಎಲ್ಲವನ್ನೂ ಮುಚ್ಚಿ ಕೂತ ಚೀಸು. ಕೆಳಗೆ ಸರಿಯಾಗಿ ಕಾಯದ ಒಲೆ. ಬಂದ ಶಾಖವೆಲ್ಲ ಆ ನೀರನ್ನು ಆರಿಸುವುದಕ್ಕೇ ಖರ್ಚಾಗಿ, ಸಾಸಿನ ಕೆಳಗಿನ ಹಿಟ್ಟು ಅಂಟಂಟಾಗಿಯೇ ಉಳಿಯುತ್ತದೆ. ಮದ್ದು ಯಾರಿಗೆ ಗೊತ್ತಿಲ್ಲ? ಹಿಟ್ಟನ್ನು ಮುಂಚೆಯೇ ಹೊರಗಿಟ್ಟು ತಣುಪು ಬಿಡಿಸಬೇಕು, ಒಲೆಯ ನೆಲ ಚೆನ್ನಾಗಿ ಕಾಯಬೇಕು, ಮೇಲೆ ಹೇರುವುದು ಕಡಿಮೆಯಾಗಬೇಕು. ದುಡ್ಡು ಹೆಚ್ಚು ಬೇಡ, ಪುರುಸೊತ್ತು ಬೇಕು. ಆ ಪುರುಸೊತ್ತನ್ನೆಲ್ಲ ಗಾರೆ ಕೀಳಿಸುವುದರಲ್ಲಿ ಕಳೆದುಬಿಟ್ಟಿದ್ದಾರೆ.

ಒಲೆ ಅಂದೆನಲ್ಲ, ಅದನ್ನೊಮ್ಮೆ ನೋಡಬೇಕು ನೀವು. ಒಳಗೆ ಕಾಲಿಟ್ಟ ಕೂಡಲೇ ಕಣ್ಣಿಗೆ ಬೀಳುವ ಹಾಗೆ ಗುಮ್ಮಟದ ಒಲೆ, ಹೊರಮೈಗೆ ಬಣ್ಣಬಣ್ಣದ ಹೆಂಚಿನ ಚೂರು. ಪಕ್ಕದಲ್ಲಿ ಒಂದೇ ಅಳತೆಗೆ ಕತ್ತರಿಸಿ ಜೋಡಿಸಿದ ಸೌದೆ, ಅದರ ಮೇಲೆ ಬೆರಳಲ್ಲಿ ಹೆಸರು ಬರೆಯಬಹುದಾದಷ್ಟು ಧೂಳು. ಬೋರ್ಡಿನಲ್ಲಿ ‘ಸೌದೆ ಒಲೆಯ ಅಪ್ಪಟ ಪಿಜ್ಜಾ’. ಬಗ್ಗಿ ಒಲೆಯ ಬಾಯೊಳಗೆ ನೋಡಿದರೆ ಪಾರ್ಸೆಲ್ಲಿಗೆ ಇಟ್ಟ ಖಾಲಿ ಡಬ್ಬಗಳ ಕಟ್ಟು. ಪಿಜ್ಜಾ ಬರುವುದು ಹಿಂದಿನ ಕೋಣೆಯಿಂದ, ಕನ್ವೇಯರ್ ಬೆಲ್ಟಿನ ಮೇಲೆ, ವಿಮಾನ ನಿಲ್ದಾಣದಲ್ಲಿ ಯಾರೂ ಎತ್ತಿಕೊಳ್ಳದ ಸೂಟ್‌ಕೇಸಿನ ಹಾಗೆ.

ಕನ್ವೇಯರ್ ಒಲೆಯ ಮೇಲೆ ನನಗೆ ದ್ವೇಷವಿಲ್ಲ. ವಿದ್ಯುತ್ ಒಲೆಯಲ್ಲಿ 250 ಡಿಗ್ರಿಯಲ್ಲೂ ಒಳ್ಳೆಯ ಪಿಜ್ಜಾ ಬೇಯುತ್ತದೆ, ಕೆಲವು ನಿಮಿಷ ಹೆಚ್ಚು ಬಿಡಬೇಕು ಅಷ್ಟೆ. ಮನೆಯಲ್ಲಿ ಮಾಡುವವರು ಮಾಡುತ್ತಲೇ ಇದ್ದಾರೆ. ಪಿಜ್ಜಾದ ತವರಾದ ಇಟಲಿಯ ನೇಪಲ್ಸಿನವರ ಮಡಿ ಬೇರೆ. ಅವರು 1984ರಲ್ಲೇ ಸಂಘ ಕಟ್ಟಿಕೊಂಡು ನಿಜವಾದ ಪಿಜ್ಜಾ ಅಂದರೆ ಹೀಗೇ ಇರಬೇಕು ಅಂತ ಕಟ್ಟುಪಾಡು ಮಾಡಿದರು. 2010ರಲ್ಲಿ ಯುರೋಪಿಯನ್ ಒಕ್ಕೂಟ ಅದಕ್ಕೆ ನಿಯಮಾವಳಿಯ ಮುದ್ರೆಯನ್ನೂ ಒತ್ತಿತು: ಅಡ್ಡಗಲ 35 ಸೆಂಟಿಮೀಟರ್ ಮೀರಬಾರದು, ಅಂಚು 1ರಿಂದ 2 ಸೆಂಟಿಮೀಟರ್, ನಡು 0.4 ಸೆಂಟಿಮೀಟರ್, ಸೌದೆ ಒಲೆ 485 ಡಿಗ್ರಿ ಕಾದಿರಬೇಕು, ಪಿಜ್ಜಾ ಅದರೊಳಗೆ 60ರಿಂದ 90 ಸೆಕೆಂಡು. ಸಾಧ್ಯವಾದಷ್ಟೂ ಒಲೆಯಿಂದ ತೆಗೆದ ಕೂಡಲೇ ಅಲ್ಲೇ ತಿನ್ನಬೇಕು, ಫ್ರೀಜ್ ಮಾಡಿ ಆಮೇಲೆ ಮಾರಕೂಡದು. 2017ರಲ್ಲಿ ಯುನೆಸ್ಕೊದವರು ನೇಪಲ್ಸಿನ ಪಿಜ್ಜಾ ಮಾಡುವವರ ಕಲೆಯನ್ನು ಮನುಕುಲದ ಪರಂಪರೆಯ ಪಟ್ಟಿಗೆ ಸೇರಿಸಿದರು. ಇಷ್ಟು ಕಟ್ಟುನಿಟ್ಟು ಎಲ್ಲರಿಗೂ ಬೇಕೆಂದು ಯಾರೂ ಹೇಳುತ್ತಿಲ್ಲ. ಸೌದೆ ಉರಿಸದಿದ್ದರೆ ಬೇಡ, ಬೋರ್ಡು ಯಾಕೆ? ‘ಕರೆಂಟ್ ಒಲೆಯ ಪಿಜ್ಜಾ, ಚೆನ್ನಾಗಿ ಬೇಯಿಸುತ್ತೇವೆ’ ಅಂತ ಬರೆದಿದ್ದರೆ ನಾನೇ ಮೊದಲು ಹೋಗಿ ಕೂತಿರುತ್ತಿದ್ದೆ.

ಆದರೆ ಹಾಗೆ ಬರೆದರೆ ಮೆನುವಿನ ಮೊದಲ ಪುಟ ಖಾಲಿ ಉಳಿಯುತ್ತದೆ. ಅಲ್ಲಿರುವುದು ಇಟಲಿಯ ರಾಣಿ ಮಾರ್ಗರೀಟಾಳ ಕಥೆ. ನಿಮಗೆ ಬಾಯಿಪಾಠ ಆಗಿರುತ್ತದೆ: 1889ರಲ್ಲಿ ರಾಣಿ ನೇಪಲ್ಸಿಗೆ ಬಂದಳಂತೆ, ರಫಾಯೆಲೆ ಎಸ್ಪೊಸಿಟೊ ಎಂಬ ಪಿಜ್ಜಾ ಅಂಗಡಿಯವ ಟೊಮೆಟೊ, ಮೊಝರೆಲ್ಲಾ, ತುಳಸಿ ಜಾತಿಯ ಎಲೆ ಹಾಕಿ ಇಟಲಿಯ ಬಾವುಟದ ಮೂರು ಬಣ್ಣದ ಪಿಜ್ಜಾ ಮಾಡಿಕೊಟ್ಟನಂತೆ, ರಾಣಿ ಮೆಚ್ಚಿ ಪತ್ರ ಬರೆಸಿದಳಂತೆ. ಆ ಪತ್ರ ಅಸಲಿಯೇ ಎಂಬ ಬಗ್ಗೆ ಚರಿತ್ರೆ ಬಲ್ಲವರಿಗೆ ಅನುಮಾನವಿದೆ. ಅಂದರೆ ಪಿಜ್ಜಾ ಲೋಕದ ಬಹು ಹಳೆಯ ಫೈವ್ ಸ್ಟಾರ್ ರಿವ್ಯೂ ಕೂಡ ಅಂಗಡಿಯವರೇ ಬರೆದುಕೊಂಡದ್ದಾಗಿರಬಹುದು. ಪರಂಪರೆ ಅಂದರೆ ಇದು, ಯುನೆಸ್ಕೊ ಇದನ್ನೂ ಪಟ್ಟಿಗೆ ಸೇರಿಸಬೇಕು.

ನನಗೆ ಅದಕ್ಕಿಂತ ಇಷ್ಟವಾದದ್ದು ಕ್ರಿ.ಶ. 997ರ ಒಂದು ಕರಾರುಪತ್ರ. ಇಟಲಿಯ ಗಾಯೆಟಾದಲ್ಲಿ ಗೇಣಿದಾರನೊಬ್ಬ ಅಲ್ಲಿನ ಬಿಷಪ್ಪರಿಗೆ ಕ್ರಿಸ್‌ಮಸ್ಸಿಗೆ 12, ಈಸ್ಟರಿಗೆ 12 ಪಿಜ್ಜಾ ಸಲ್ಲಿಸಬೇಕು ಅಂತ ಅದರಲ್ಲಿದೆ. ಟೊಮೆಟೊ ಯುರೋಪಿನ ಮುಖ ನೋಡಲು ಇನ್ನೂ ಐದು ಶತಮಾನ ಬಾಕಿಯಿದ್ದ ಕಾಲ. ಆ ಪಿಜ್ಜಾ ಹೇಗಿತ್ತೋ, ಮೇಲೆ ಏನು ಹಾಕುತ್ತಿದ್ದರೋ. ಬಿಷಪ್ಪರ ತಟ್ಟೆಗೆ ಹಸಿ ಹಿಟ್ಟು ಬಂದಿದ್ದರೆ ಮಾತ್ರ ಏನಾಗುತ್ತಿತ್ತು ಅಂತ ಊಹಿಸಬಹುದು. ಗೇಣಿ ಬಿಡಿಸುತ್ತಿದ್ದರು. ‘ನಿಮ್ಮ ಅನುಭವವನ್ನು ಹಂಚಿಕೊಳ್ಳಿ’ ಅಂತ ಅವರ ಮುಂದೆ ಕಾರ್ಡು ಹಿಡಿಯುವ ಧೈರ್ಯ ಆ ಗೇಣಿದಾರನಿಗೆ ಇರುತ್ತಿರಲಿಲ್ಲ.

ಇಷ್ಟೆಲ್ಲ ಸಂಗತಿ ಬಿದ್ದುಕೊಂಡಿರುವಾಗ ಲೋಕ ಪಿಜ್ಜಾದ ಹೆಸರಲ್ಲಿ ಜಗಳವಾಡುವುದು ಯಾವುದರ ಮೇಲೆ? ಅನಾನಸಿನ ಮೇಲೆ. ಗ್ರೀಸಿನಿಂದ ಕೆನಡಾಕ್ಕೆ ವಲಸೆ ಹೋದ ಸ್ಯಾಮ್ ಪನೊಪೌಲಸ್ ಎಂಬವರು 1962ರಲ್ಲಿ ಒಂಟಾರಿಯೊದ ಚಾಟಮ್ ಎಂಬ ಊರಿನ ತಮ್ಮ ಹೋಟೆಲಿನಲ್ಲಿ, ಏನಾಗುತ್ತದೋ ನೋಡೋಣ ಅಂತ, ಡಬ್ಬಿಯ ಅನಾನಸನ್ನು ಪಿಜ್ಜಾದ ಮೇಲೆ ಹಾಕಿದರು. ಹೆಸರಿಟ್ಟದ್ದು ಹವಾಯಿಯನ್. ಗ್ರೀಸಿನವರು, ಕೆನಡಾದಲ್ಲಿ, ಇಟಲಿಯ ತಿಂಡಿಗೆ, ಹವಾಯಿಯ ಹೆಸರು. ನನಗೆ ಇದರಲ್ಲಿ ತಪ್ಪೇನೂ ಕಾಣುವುದಿಲ್ಲ. ಈ ಜಗತ್ತಿನಲ್ಲಿ ಪಾಸ್‌ಪೋರ್ಟ್ ಇಲ್ಲದೆ ಇಷ್ಟು ಸುತ್ತುವ ಯೋಗ ಇರುವುದು ತಿಂಡಿಗೆ ಮಾತ್ರ.

2017ರಲ್ಲಿ ಐಸ್‌ಲ್ಯಾಂಡಿನ ಅಧ್ಯಕ್ಷ ಗುಡ್ನಿ ಯೊಹಾನೆಸನ್ ಶಾಲೆಯೊಂದಕ್ಕೆ ಹೋಗಿದ್ದಾಗ ಮಕ್ಕಳು ಪಿಜ್ಜಾ ಮೇಲಿನ ಅನಾನಸಿನ ಬಗ್ಗೆ ಕೇಳಿದರು. ಆಗುವಂತಿದ್ದರೆ ನಿಷೇಧಿಸುತ್ತಿದ್ದೆ ಅಂದುಬಿಟ್ಟರು. ಗದ್ದಲವೋ ಗದ್ದಲ. ಕೊನೆಗೆ ಅವರು ಅಧಿಕೃತವಾಗಿ ಸ್ಪಷ್ಟನೆ ಕೊಡಬೇಕಾಯಿತು: ಪಿಜ್ಜಾದ ಮೇಲೆ ಅನಾನಸ್ ಹಾಕಬೇಡಿ ಎಂದು ಕಾನೂನು ಮಾಡುವ ಅಧಿಕಾರ ನನಗಿಲ್ಲ, ಇಲ್ಲದಿರುವುದೇ ಸಂತೋಷ, ಅಂದಹಾಗೆ ಪಿಜ್ಜಾಕ್ಕೆ ಸಮುದ್ರದ ಆಹಾರ ಒಳ್ಳೆಯದು. ತನಗೆ ಅಧಿಕಾರವಿಲ್ಲವೆಂದು ಸಂತೋಷಪಟ್ಟ ಅಧಿಕಾರಸ್ಥರು ಇನ್ನೊಬ್ಬರು ಯಾರಾದರೂ ನಿಮಗೆ ನೆನಪಾದರೆ ಹೇಳಿ. ಆ ಹೊತ್ತಿಗೆ ಕೆನಡಾದ ಪ್ರಧಾನಿ ಜಸ್ಟಿನ್ ಟ್ರುಡೊ ತಮ್ಮ ದೇಶದ ಆವಿಷ್ಕಾರದ ಪರ ನಿಂತರು. ಎರಡು ದೇಶ, ಇಬ್ಬರು ನಾಯಕರು, ನಡುವೆ ಒಂದು ಹಣ್ಣು. ಯುದ್ಧವಾಗದೆ ಮುಗಿದದ್ದು ಪುಣ್ಯ.

ಆ ಹಣ್ಣಿನ ಕೆಳಗಿನ ಹಿಟ್ಟು ಬೆಂದಿದೆಯೋ ಇಲ್ಲವೋ ಎಂದು ಮಾತ್ರ ಯಾವ ಶಾಲೆಯ ಮಕ್ಕಳೂ ಯಾವ ಅಧ್ಯಕ್ಷರನ್ನೂ ಈವರೆಗೆ ಕೇಳಿಲ್ಲ.

ಪಿಜ್ಜಾದ ಸುತ್ತಮುತ್ತಲಿನದನ್ನೆಲ್ಲ ಸರಿಮಾಡುವುದರಲ್ಲಿ ಮನುಷ್ಯ ಎಂದೂ ಹಿಂದೆ ಬಿದ್ದವನಲ್ಲ. ಡಬ್ಬದ ಮುಚ್ಚಳ ಕುಸಿದು ಚೀಸಿಗೆ ಅಂಟುತ್ತದೆ ಎಂದು ನ್ಯೂಯಾರ್ಕ್ ರಾಜ್ಯದ ಕಾರ್ಮೆಲಾ ವಿಟಾಲೆ ಎಂಬಾಕೆ ಪ್ಲಾಸ್ಟಿಕ್ಕಿನ ಪುಟ್ಟ ಮುಕ್ಕಾಲಿಗೆ 1985ರಲ್ಲಿ ಪೇಟೆಂಟ್ ಪಡೆದಳು. ಒಳ್ಳೆಯ ಕೆಲಸ, ನಿಜವಾಗಿಯೂ. ಮೊನ್ನೆ ನನ್ನ ಮುಂದಿದ್ದ ವಸ್ತುಗಳಲ್ಲಿ ಕೊಟ್ಟ ಕೆಲಸವನ್ನು ನೆಟ್ಟಗೆ ಮಾಡಿದ್ದು ಪಕ್ಕದ ಮೇಜಿನ ಪಾರ್ಸೆಲ್ಲಿನಲ್ಲಿದ್ದ ಆ ಮುಕ್ಕಾಲಿ ಒಂದೇ.

ಮತ್ತೆ ಆಫರು. ‘12 ಇಂಚಿನದು ಇವತ್ತು ಇಲ್ಲ ಸರ್, ಅದೇ ದುಡ್ಡಿಗೆ 8 ಇಂಚಿನದು ಎರಡು ಕೊಡ್ತೀವಿ. ನಿಮಗೇ ಲಾಭ.’ ಎಂಟೂ ಎಂಟೂ ಹದಿನಾರು, ಹದಿನಾರು ಹನ್ನೆರಡಕ್ಕಿಂತ ದೊಡ್ಡದು, ಆದ್ದರಿಂದ ಲಾಭ. ಹೈಸ್ಕೂಲಿನಲ್ಲಿ ವೃತ್ತದ ವಿಸ್ತೀರ್ಣ ಕಲಿಸಿದ ಮೇಷ್ಟ್ರು ಎಲ್ಲಿದ್ದಾರೋ, ಅವರಿಗೆ ಈ ಮಾತು ಕೇಳಿಸದಿರಲಿ. 12 ಇಂಚಿನ ಪಿಜ್ಜಾ ಸುಮಾರು 113 ಚದರ ಇಂಚು. 8 ಇಂಚಿನದು ಎರಡೂ ಸೇರಿ ಸುಮಾರು 100. ಇಷ್ಟೇ ಆಗಿದ್ದರೆ ಬಿಡಬಹುದಿತ್ತು. ಸುತ್ತ ಒಂದೊಂದಿಂಚು ಒಣ ಅಂಚು ಬಿಡುತ್ತಾರಲ್ಲ, ಅದನ್ನು ಕಳೆಯಿರಿ. ದೊಡ್ಡದರಲ್ಲಿ ಚೀಸು ಸಾಸು ಇರುವ ಜಾಗ 78 ಚದರ ಇಂಚಿನಷ್ಟು, ಎರಡು ಚಿಕ್ಕದರಲ್ಲಿ ಒಟ್ಟು 56 ಚಿಲ್ಲರೆ. ಅಂದರೆ ಕಾಲುಭಾಗಕ್ಕಿಂತ ಹೆಚ್ಚು ಟಾಪಿಂಗು ಲಾಭದ ಹೆಸರಿನಲ್ಲಿ ಮಾಯ. ಚಿಕ್ಕ ಪಿಜ್ಜಾದ ನೂರರಲ್ಲಿ 44 ಪಾಲು ಬರೀ ಅಂಚು. ಹಾಗೆ ನೋಡಿದರೆ ನಡು ಬೇಯದಿದ್ದರೂ ಚಿಂತೆಯಿಲ್ಲ, ನಡು ಅನ್ನುವುದೇ ಹೆಚ್ಚು ಉಳಿದಿಲ್ಲ.

ಆ ನಡುವಿನಲ್ಲಿ ಇದ್ದದ್ದು ಚೀಸು. ಮೆನುವಿನಲ್ಲಿ ಚೀಸ್ ಎಂಬ ಹೆಸರು ಕಾಣದ ಸಾಲಿಲ್ಲ, ನೀರಿನ ಬಾಟಲಿಯೊಂದನ್ನು ಬಿಟ್ಟರೆ. ಮೊಝರೆಲ್ಲಾ ಎಳೆ ಬಿಡುವುದು ಅದರಲ್ಲಿರುವ ಹಾಲಿನ ಕೇಸೀನ್ ಎಂಬ ಪ್ರೋಟೀನು ಮತ್ತು ಕ್ಯಾಲ್ಸಿಯಂ ಹೆಣೆದುಕೊಂಡಿರುವುದರಿಂದ. ಬಿಸಿಯಿದ್ದಾಗ ಎಳೆ ಬಿಡುತ್ತದೆ, ಅಲ್ಲಲ್ಲಿ ಕಂದು ಬಣ್ಣಕ್ಕೆ ತಿರುಗುತ್ತದೆ. ನನ್ನ ಪಾಲಿಗೆ ಬಂದದ್ದು ಎಳೆ ಬಿಡಲಿಲ್ಲ, ಕಂದಾಗಲಿಲ್ಲ, ಒಂದೇ ಹಾಳೆಯಾಗಿ ಎದ್ದು ಬಂತು. ಸುತ್ತ ಎಣ್ಣೆ. ಕರೆದು ಕೇಳಿದೆ: ‘ಇದು ಯಾವ ಚೀಸಪ್ಪಾ?’

‘ಎಕ್ಸ್‌ಟ್ರಾ ಚೀಸ್ ಸರ್.’

ತಾಳೆ ಎಣ್ಣೆ, ಪಿಷ್ಟ, ಹೆಸರಿಗೊಂದಿಷ್ಟು ಹಾಲಿನ ಪ್ರೋಟೀನು ಸೇರಿಸಿ ಮಾಡುವ ಅನಲಾಗ್ ಚೀಸ್ ಎಂಬುದೊಂದಿದೆ. ತಿಂದರೆ ವಿಷವೇನಲ್ಲ, ಅಗ್ಗ ಅಷ್ಟೆ. ಅಗ್ಗದ್ದನ್ನು ಅಗ್ಗಕ್ಕೆ ಕೊಟ್ಟರೆ ಯಾರ ತಕರಾರೂ ಇಲ್ಲ. ನನ್ನ ತಟ್ಟೆಯಲ್ಲಿದ್ದದ್ದು ಅದೋ ಅಲ್ಲವೋ ಹೇಳುವವರು ಆ ಅಂಗಡಿಯಲ್ಲಿ ಇರಲಿಲ್ಲ. ಇಲ್ಲಿಗೆ ಬಂದಾಗ ನಗು ನಿಲ್ಲುತ್ತದೆ. ಒಂದು ಪ್ಯಾಕೆಟ್ ಬಿಸ್ಕತ್ತು ಕೊಂಡರೆ ಹಿಂಬದಿಯಲ್ಲಿ ಇರುವೆ ಸಾಲಿನಷ್ಟು ಸಣ್ಣ ಅಕ್ಷರದಲ್ಲಾದರೂ ಒಳಗೇನಿದೆ ಅಂತ ಬರೆದಿರುತ್ತದೆ. ಅದರ ಎಷ್ಟೋ ಪಟ್ಟು ದುಡ್ಡು ಕೊಟ್ಟು, ಮೇಜು ಹಿಡಿದು, ಕಾದು ಕೂತು ತಿನ್ನುವವನಿಗೆ ತಾನು ತಿನ್ನುತ್ತಿರುವುದು ಏನು ಅಂತ ಕೇಳುವ ಹಕ್ಕಿದ್ದರೂ ಉತ್ತರ ಪಡೆಯುವ ದಾರಿ ಇಲ್ಲ. ಕೇಳಿದರೆ ನಮ್ಮನ್ನೇ ವಿಚಿತ್ರವಾಗಿ ನೋಡುತ್ತಾರೆ. ಜೊತೆಗೆ ಬಂದವರು ಮೇಜಿನ ಕೆಳಗೆ ಕಾಲು ತುಳಿಯುತ್ತಾರೆ, ‘ಬಿಡಿ, ಎಲ್ಲರೂ ನೋಡ್ತಿದ್ದಾರೆ’ ಅಂತ. ಎಲ್ಲರೂ ನೋಡಲಿ ಕಣ್ರೀ. ಅವರ ತಟ್ಟೆಯಲ್ಲಿ ಇರುವುದೂ ಅದೇ ತಾನೆ.

ಊಟ ಮುಗಿಯಿತು ಅಂದುಕೊಂಡರೆ ನಿಜವಾದ ಕಾರ್ಯಕ್ರಮ ಶುರುವಾಗುವುದೇ ಆಗ. ಬಿಲ್ಲಿನ ಜೊತೆಗೆ ಕ್ಯೂಆರ್ ಕೋಡಿನ ಕಾರ್ಡು, ಕಾರ್ಡಿನ ಜೊತೆಗೆ ಹುಡುಗ. ‘ಸರ್, ಫೈವ್ ಸ್ಟಾರ್ ಹಾಕಿ ಸರ್. ನನ್ನ ಹೆಸರೂ ಬರೀರಿ ಸರ್, ಪ್ಲೀಸ್.’ ನಾವು ಹಾಕುವವರೆಗೆ ಅಲ್ಲೇ ನಿಂತಿರುತ್ತಾನೆ. ಅವನ ಮುಖ ನೋಡಿ ಒಂದು ಸ್ಟಾರ್ ಒತ್ತುವ ಎದೆಗಾರಿಕೆ ಯಾರಿಗಿದೆ? ಇಡೀ ವ್ಯವಸ್ಥೆ ನಿಂತಿರುವುದು ನಮಗೆ ಆ ಎದೆಗಾರಿಕೆ ಇಲ್ಲ ಎಂಬ ನಂಬಿಕೆಯ ಮೇಲೆ.

ಆ ಹುಡುಗ ಚೀಸು ತರಿಸಿದವನಲ್ಲ. ಒಲೆಯ ಶಾಖ ಇಳಿಸಿದವನೂ ಅಲ್ಲ, ಬೆಲ್ಟಿನ ವೇಗ ಏರಿಸಿದವನೂ ಅಲ್ಲ. ಹೊತ್ತಿಡೀ ನಿಂತು, ಬೇರೆಯವರು ಹಾಳು ಮಾಡಿದ್ದನ್ನು ನಗುನಗುತ್ತ ತಂದಿಡುವುದಷ್ಟೇ ಅವನ ಕೆಲಸ. ಕೊನೆಗೆ ಮಾಲೀಕನ ಮಾನ ಉಳಿಸುವ ಸ್ಟಾರುಗಳನ್ನೂ ಅವನೇ ಬೇಡಿ ತರಬೇಕು. ಮನೆಗೆ ತರಿಸಿದರೂ ಇದೇ ಕತೆ. ರಟ್ಟಿನ ಡಬ್ಬದೊಳಗೆ ಹಬೆ ತುಂಬಿ ಪಿಜ್ಜಾ ಮೆತ್ತಗಾಗುತ್ತದೆ, ಸ್ಟಾರ್ ಕಡಿಮೆಯಾಗುವುದು ಬೈಕಿನಲ್ಲಿ ತಂದವನಿಗೆ. ಅರ್ಧ ಗಂಟೆಯಲ್ಲಿ ತಂದುಕೊಡುತ್ತೇವೆ ಅಂತ ಮಾತು ಕೊಡುತ್ತಿದ್ದ ದೊಡ್ಡ ಪಿಜ್ಜಾ ಕಂಪನಿಯೊಂದು ಅಮೆರಿಕದಲ್ಲಿ ಆ ಮಾತನ್ನು ಕೈಬಿಟ್ಟದ್ದು 1993ರಲ್ಲಿ, ಅಪಘಾತದ ಮೊಕದ್ದಮೆಯಲ್ಲಿ ಕೋಟಿಗಟ್ಟಲೆ ಡಾಲರ್ ಪರಿಹಾರದ ತೀರ್ಪು ಬಂದ ಮೇಲೆ. ಅಲ್ಲಿಯವರೆಗೆ ಗಡಿಯಾರದ ಜೊತೆ ಪಂದ್ಯ ಕಟ್ಟಿದವರು ಕಂಪನಿಯವರು, ರಸ್ತೆಯಲ್ಲಿ ಓಡಿದವರು ಹುಡುಗರು. ಕೆಲಸ ಕೆಟ್ಟಾಗ ಎದುರಿಗೆ ತಳ್ಳುವುದಕ್ಕೆ ಯಾವಾಗಲೂ ಕಡಿಮೆ ಸಂಬಳದವನೊಬ್ಬ ಸಿಗುತ್ತಾನೆ. ಇದನ್ನು ತಮಾಷೆಯಾಗಿ ಬರೆಯಲು ನೋಡಿದೆ, ಆಗುತ್ತಿಲ್ಲ.

ಮಾಲೀಕರು ಎಲ್ಲಿರುತ್ತಾರೆ ಅಂದಿರಾ? ರಿವ್ಯೂಗಳ ಕೆಳಗೆ ಇರುತ್ತಾರೆ, ಉತ್ತರ ಬರೆಯುತ್ತಾ. ಹೊತ್ತು ಹೋಗದಿದ್ದರೆ ಅದನ್ನು ಓದಿ, ಪಿಜ್ಜಾಗಿಂತ ರುಚಿ. ‘ನಡುವೆ ಹಸಿಯಿತ್ತು’ ಅಂದವರಿಗೆ, ‘ನಮ್ಮಲ್ಲಿ ಎಲ್ಲವೂ ತಾಜಾ’. ‘ಅಂಚು ಸುಟ್ಟಿತ್ತು’ ಅಂದವರಿಗೆ, ‘ಅದು ಇಟಲಿಯ ಶೈಲಿ, ತಿಳಿದವರು ಇಷ್ಟಪಡುತ್ತಾರೆ’. ‘ತಣ್ಣಗಿತ್ತು’ ಅಂದವರಿಗೆ, ‘ನಿಮ್ಮ ಬೆಚ್ಚಗಿನ ಮಾತುಗಳಿಗೆ ಧನ್ಯವಾದ’. ಇದು ಯಂತ್ರ ಬರೆದದ್ದಿರಬೇಕು, ಮನುಷ್ಯನಿಗೆ ಇಷ್ಟು ಹಾಸ್ಯಪ್ರಜ್ಞೆ ಇರುವುದಿಲ್ಲ. ಒಬ್ಬರಿಗಂತೂ, ‘ನೀವು ಹೇಳುವ ದಿನ ನಮ್ಮ ಅಂಗಡಿಗೆ ರಜೆ ಇತ್ತು, ನೀವು ಬಂದಿರಲು ಸಾಧ್ಯವೇ ಇಲ್ಲ’ ಎಂಬ ಉತ್ತರ. ಆತ ಬಿಲ್ಲಿನ ಫೋಟೊ ಹಾಕಿದ್ದ. ಅದಕ್ಕೂ ಉತ್ತರ ಬಂದಿತ್ತು: ‘ಮತ್ತೊಮ್ಮೆ ಬನ್ನಿ’.

ಮೊನ್ನೆ ಮನೆಗೆ ಬಂದ ಮೇಲೆ ನಾನೂ ಬರೆದೆ, ಒಂದೇ ಸಾಲು, ಬೈಗುಳವಿಲ್ಲದೆ: ಹಿಟ್ಟು ಬೆಂದಿರಲಿಲ್ಲ, ಹುಡುಗ ಒಳ್ಳೆಯವನು. ಮರುದಿನ ಬೆಳಗ್ಗೆಯೇ ಕ್ಷಮಾಪಣೆ ಬಂತು. ಬೇಯದ ಪಿಜ್ಜಾ ತಿನ್ನಿಸಿದ್ದಕ್ಕೆ ಪರಿಹಾರವಾಗಿ ಅವರು ಕೊಡುತ್ತಿರುವುದು ಇನ್ನೊಂದು ಪಿಜ್ಜಾ. ಒಂದು ಕೊಂಡರೆ ಒಂದು ಉಚಿತ, 8 ಇಂಚಿನದಕ್ಕೆ ಮಾತ್ರ, ಶನಿವಾರ ಭಾನುವಾರ ನಡೆಯದು, ಎಕ್ಸ್‌ಟ್ರಾ ಚೀಸಿಗೆ ಬೇರೆ ದುಡ್ಡು. ಕೂಪನ್ ಫೋನಿನಲ್ಲೇ ಇದೆ, ನನಗಂತೂ ಉಪಯೋಗವಿಲ್ಲ. ಬೇಕಾದವರು ಕೇಳಿ ಪಡೆಯಬಹುದು. ಆಗದವರನ್ನು ಊಟಕ್ಕೆ ಕರೆಯಬೇಕಾದ ಸಂದರ್ಭ ಬಂದಿರುವವರಿಗೆ ಮೊದಲ ಆದ್ಯತೆ.